ಅಶ್ವವೈದ್ಯದಲ್ಲಿ ಅಂಗಸಾಧನೆ: ಗಾಯಗೊಂಡ ಕುದುರೆಯನ್ನು ಮತ್ತೆ ನಡೆಯಿಸುವ ಕ್ರಮವೂ ಅದರ ಪರಿಭಾಷೆಯೂ

೧. ವಿಷಯಪ್ರವೇಶ

ಕರ್ಣಾಟಕದ ಶಾಸ್ತ್ರಸಾಹಿತ್ಯದಲ್ಲಿ ಪಶುವೈದ್ಯಕ್ಕೆ ಸಂಬಂಧಪಟ್ಟ ಗ್ರಂಥಗಳು ಸಂಖ್ಯೆಯಲ್ಲಿ ಸ್ವಲ್ಪವಾದರೂ ಪರಂಪರೆಯಲ್ಲಿ ದೀರ್ಘವಾದುವು. ಚಾಳುಕ್ಯ ರಾಜಪುತ್ರನಾದ ಕೀರ್ತಿವರ್ಮನು ೧೨ನೆಯ ಶತಮಾನದಲ್ಲಿ ‘ಗೋವೈದ್ಯ’ವನ್ನು ರಚಿಸಿದನು. ೧೪ನೆಯ ಶತಮಾನದವನೆಂದು ಎಣಿಸಲ್ಪಡುವ ಅಭಿನವಚಂದ್ರನು ಅಶ್ವವೈದ್ಯವನ್ನು ಕನ್ನಡಿಸಿದನು. ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, ೧೬೨೭ರಲ್ಲಿ, ಪದ್ಮಣಪಂಡಿತನ ‘ಹಯಸಾರಸಮುಚ್ಚಯ’ವು ಹುಟ್ಟಿತು. ಕನ್ನಡನಾಡನ್ನು ಆಳಿದ ಅರಸರು ಸಂಸ್ಕೃತದಲ್ಲಿ ರಚಿಸಿದ ವಿಶ್ವಕೋಶಸದೃಶವಾದ ಗ್ರಂಥಗಳಲ್ಲಿಯೂ ಕುದುರೆಗೆ ಸ್ಥಾನವುಂಟು. ಕಲ್ಯಾಣದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಅಂಥವುಗಳಲ್ಲೊಂದು. ಕೆಳದಿಯ ಬಸವಪ್ಪನಾಯಕನು ೧೭೦೯ರಲ್ಲಿ ಪೂರೈಸಿದ ‘ಶಿವತತ್ತ್ವರತ್ನಾಕರ’ ಮತ್ತೊಂದು. ಒಂಬತ್ತು ಕಲ್ಲೋಲಗಳಾಗಿಯೂ ನೂರೆಂಟು ತರಂಗಗಳಾಗಿಯೂ ವಿಂಗಡವಾದ ಈ ಎರಡನೆಯ ಗ್ರಂಥದ ಜನ್ಮಭೂಮಿಯು ಇಂದಿನ ಶಿವಮೊಗ್ಗ ಜಿಲ್ಲೆಯೇ ಆಗಿದೆ.

ಈ ಪರಂಪರೆಯ ಗ್ರಂಥಗಳನ್ನು ಸಂಪಾದಿಸುವವರೂ ಪಾಠ ಹೇಳುವವರೂ ಬಹುಮಟ್ಟಿಗೆ ಭಾಷಾಶಾಸ್ತ್ರವನ್ನೂ ಕಾವ್ಯವನ್ನೂ ಬಲ್ಲವರು. ಕುದುರೆಯನ್ನು ಬಲ್ಲವರು ವಿರಳ. ಮೋಟಾರುಗಳು ಬಂದಮೇಲೆ ಜಟಕಾಬಂಡಿಗಳು ಬೀದಿಯಿಂದ ಮರೆಯಾದುವು. ಅವುಗಳೊಡನೆ ಲಾಯ, ಗೋದಲಿ, ಲಾಳ, ಕಡಿವಾಣಗಳೆಂಬ ಮಾತುಗಳ ಬಳಕೆಯೂ ಸವೆಯಿತು. ಇದರ ಫಲವಾಗಿ ಅಶ್ವವೈದ್ಯದ ಶಬ್ದಗಳಿಗೆ ಇಂದಿನ ಶಾಲಾಪುಸ್ತಕಗಳ ಅರ್ಥವನ್ನು ಹಚ್ಚುವ ಅಭ್ಯಾಸವು ಬೆಳೆಯುವುದು ಸಹಜ. ಕಾವ್ಯದಲ್ಲಿ ಅರ್ಥ ತಪ್ಪಿದರೆ ರಸಹಾನಿ. ವೈದ್ಯದಲ್ಲಿ ಅರ್ಥ ತಪ್ಪಿದರೆ ಪ್ರಾಣಹಾನಿ. ‘ಪ್ರಾಚೀನರ ಮದ್ದು’ ಎಂಬ ಗೌರವದಿಂದ ಅಚ್ಚಾದ ಗ್ರಂಥವನ್ನು ನೋಡಿ ಕುಂಟುವ ಕುದುರೆಗೆ ಉಪಚಾರ ಮಾಡುವವನು ಇಂದಿಗೂ ಇರಬಹುದು. ಆದುದರಿಂದ ಗಾಯಗೊಂಡ ಕುದುರೆಯನ್ನು ಮರಳಿ ಕಾಲಮೇಲೆ ನಿಲ್ಲಿಸಿ ನಡೆಯಿಸುವ ಕ್ರಮವನ್ನು, ಎಂದರೆ ಅಂಗಸಾಧನೆಯನ್ನು, ಪ್ರಾಚೀನರ ಮಾತುಗಳಿಂದಲೂ ಇಂದಿನ ಪಶುವೈದ್ಯರ ಅನುಭವದಿಂದಲೂ ಒಟ್ಟಿಗೆ ವಿವರಿಸುವುದು ಅವಶ್ಯವಾಗಿದೆ.

೨. ಕುದುರೆಯ ಕಾಲಿನ ರಚನೆ

ಚಿಕಿತ್ಸೆಯ ಕ್ರಮವು ಅಂಗದ ರಚನೆಯನ್ನು ಅನುಸರಿಸತಕ್ಕುದು. ಕುದುರೆಯು ಒಂದೊಂದು ಕಾಲಿನಲ್ಲಿಯೂ ಒಂದೇ ಬೆರಳಿನ ತುದಿಯಮೇಲೆ ನಿಲ್ಲುವ ಪ್ರಾಣಿ; ಗೊರಸೆಂಬುದು ಆ ಬೆರಳಿನ ಉಗುರು. ಮುಂಗಾಲಿನಲ್ಲಿ ಜನರು ‘ಮಂಡಿ’ಯೆಂದು ಕರೆಯುವ ಕೀಲು ರಚನೆಯಲ್ಲಿ ಮನುಷ್ಯನ ಮಣಿಕಟ್ಟಿಗೆ ಸಮಾನವಾದುದು, ಹಿಂಗಾಲಿನಲ್ಲಿ ಹಿಮ್ಮುಖವಾಗಿ ಚಾಚಿದ ಕೀಲು ಮನುಷ್ಯನ ಹಿಮ್ಮಡಿಯ ಕೀಲಿಗೆ ಸಮಾನ. ಈ ಕೀಲುಗಳಿಂದ ಕೆಳಗೆ ಹೇಳಿಕೊಳ್ಳುವಷ್ಟು ಮಾಂಸವಿಲ್ಲ. ಮಾಂಸಖಂಡಗಳೆಲ್ಲವೂ ಮೇಲ್ಭಾಗದಲ್ಲಿದ್ದು, ಅಲ್ಲಿಂದ ಇಳಿದುಬಂದ ಉದ್ದವಾದ ಕಂಡರೆಗಳು ಹಗ್ಗಗಳಂತೆ ಕೆಳಗಿನ ಎಲುಬುಗಳನ್ನು ಎಳೆದು ಆಡಿಸುವುವು. ಕಾಲಿನ ತುದಿ ಹಗುರವಾಗಿರುವುದರಿಂದಲೇ ಕುದುರೆಗೆ ವೇಗ ಬಂದಿರುವುದು.

ವೇಗವನ್ನು ಕೊಟ್ಟ ಈ ರಚನೆಯೇ ಗಾಯಕ್ಕೂ ಕಾರಣವಾಗುವುದು. ಸುಮಾರು ೪೫೦ ಕಿಲೋಗ್ರಾಂ ತೂಗುವ ಕುದುರೆಯು ಸುಮ್ಮನೆ ನಿಂತಾಗ ಅದರ ಭಾರದಲ್ಲಿ ನೂರಕ್ಕೆ ೬೦ರಷ್ಟನ್ನು ಮುಂಗಾಲುಗಳೆರಡೂ ಹೊರುವುವು. ನಾಗಾಲೋಟದಲ್ಲಿ ಒಂದೇ ಕಾಲಿನಮೇಲೆ ಕ್ಷಣಮಾತ್ರ ದೇಹಭಾರದ ಎರಡು ಎರಡೂವರೆ ಪಟ್ಟು ಒತ್ತಡ ಬೀಳುವುದು. ಆಗ ಮುಂಗಾಲಿನ ಹಿಂಬದಿಯಲ್ಲಿರುವ ಮೇಲ್ಪದರದ ಆಕುಂಚಕ ಕಂಡರೆಯು ತನ್ನ ಶಕ್ತಿಯ ಮೇರೆಯವರೆಗೂ ಹಿಗ್ಗುವುದಲ್ಲದೆ, ಅದರ ಒಡಲಿನಲ್ಲಿ ೪೫ ಡಿಗ್ರಿ ಸೆಂಟಿಗ್ರೇಡಿನವರೆಗೂ ಶಾಖ ಹುಟ್ಟುವುದೆಂದು ಅಳೆದು ನೋಡಲಾಗಿದೆ. ಕಂಡರೆಗೆ ರಕ್ತದ ಹರಿವು ಕಡಿಮೆ. ರಕ್ತ ಕಡಿಮೆಯಾದೆಡೆಯಲ್ಲಿ ಗಾಯ ಮಾಯುವುದು ನಿಧಾನ. ಮಾಯ್ದರೂ ಹಳೆಯ ನೂಲಿನ ಬದಲಿಗೆ ಒರಟಾದ ತೇಪೆ ಬೀಳುವುದು. ಜಟಕಾದ ಕುದುರೆಗೂ ಪಂದ್ಯದ ಕುದುರೆಗೂ ಕುಂಟು ಬರುವ ಮುಖ್ಯ ಕಾರಣಗಳಲ್ಲಿ ಕಂಡರೆಯ ಹರಿತವೂ ಒಂದು.

ಮತ್ತೊಂದು ವಿಶೇಷವಿದೆ. ಮನುಷ್ಯನಿಗೆ ಕಾಲು ಮುರಿದರೆ ಹಾಸಿಗೆಯಲ್ಲಿ ಮಲಗಿಸಬಹುದು. ಕುದುರೆಯನ್ನು ಬಹುದಿನ ಮಲಗಿಸಲಾಗದು. ತನ್ನ ಭಾರದಿಂದಲೇ ಅದರ ಮಾಂಸಖಂಡಗಳು ನಜ್ಜುವುವು, ಕರುಳಿನ ಚಲನೆ ಕುಗ್ಗಿ ಶೂಲೆ ಹುಟ್ಟುವುದು. ಹಾಗಾಗಿ ಅದು ಉಳಿದ ಮೂರು ಕಾಲುಗಳಮೇಲೆ ನಿಂತೇ ಗುಣವಾಗಬೇಕು. ಗಾಯವಾದ ಕಾಲಿನ ಭಾರವು ಆರೋಗ್ಯವಾದ ಕಾಲಿಗೆ ಬಿದ್ದು, ಆ ಕಾಲಿನ ಗೊರಸಿನೊಳಗಿನ ಪದರವು ಉರಿತು ಬಿಡಿಸಿಕೊಳ್ಳುವ ಭಯಂಕರವಾದ ರೋಗವೂ ಬರಬಹುದು. ಅಮೆರಿಕದ ಪ್ರಸಿದ್ಧ ಪಂದ್ಯದ ಕುದುರೆಯಾದ ಬಾರ್ಬರೋ ೨೦೦೬ರ ಮೇ ತಿಂಗಳಲ್ಲಿ ಹಿಂಗಾಲು ಮುರಿದುಕೊಂಡಿತು. ಶಸ್ತ್ರಚಿಕಿತ್ಸೆಯಿಂದ ಮೂಳೆಯನ್ನು ಕೂಡಿಸಲಾಯಿತು. ಆದರೂ ಗೊರಸಿನ ರೋಗದಿಂದ ೨೦೦೭ರ ಜನವರಿಯಲ್ಲಿ ಅದಕ್ಕೆ ದಯಾಮರಣವನ್ನು ಕೊಡಬೇಕಾಯಿತು. ಗಾಯವನ್ನು ಮಾಯಿಸುವುದು ಬೇರೆ, ಕುದುರೆಯನ್ನು ಉಳಿಸುವುದು ಬೇರೆ ಎಂಬುದಕ್ಕೆ ಇದು ಎಲ್ಲರೂ ಬಲ್ಲ ದೃಷ್ಟಾಂತ.

೩. ಶಬ್ದಾರ್ಥವಿಚಾರ

ಅಶ್ವವೈದ್ಯದ ಗ್ರಂಥಗಳಲ್ಲಿ ಪದೇ ಪದೇ ಬರುವ ‘ಸ್ನಾಯು’ ಶಬ್ದವನ್ನು ಮೊದಲು ಪರಿಶೀಲಿಸಬೇಕು. ಇಂದಿನ ಕನ್ನಡದಲ್ಲಿ ಸ್ನಾಯುವೆಂದರೆ ಮಾಂಸಖಂಡ. ಶಾಲೆಯ ಶರೀರವಿಜ್ಞಾನದ ಪುಸ್ತಕಗಳಲ್ಲಿ ಇದೇ ಅರ್ಥ. ಮರಾಠಿಯಲ್ಲಿಯೂ ಹಾಗೆಯೇ. ಬಂಗಾಳಿಯಲ್ಲಿಯಾದರೋ ಅದೇ ಶಬ್ದಕ್ಕೆ ನರವೆಂದು ಅರ್ಥ. ಮೂಲವಾದ ಆಯುರ್ವೇದದಲ್ಲಿ ಈ ಎರಡೂ ಅಲ್ಲ. ಸುಶ್ರುತನು ಶಾರೀರಸ್ಥಾನದಲ್ಲಿ ಪೇಶಿಗಳನ್ನು ಐನೂರೆಂದೂ ಸ್ನಾಯುಗಳನ್ನು ಒಂಬೈನೂರೆಂದೂ ಬೇರೆಬೇರೆಯಾಗಿ ಎಣಿಸಿದ್ದಾನೆ. ಅವನ ಮತದಲ್ಲಿ ಸ್ನಾಯುವು ಕೀಲುಗಳನ್ನು ಬಿಗಿದಿಡುವ ಬಂಧನ. ಹಲಗೆಗಳನ್ನು ಬಿಗಿಯಾಗಿ ಕಟ್ಟಿದ ದೋಣಿ ಹೇಗೆ ಭಾರವನ್ನು ಹೊರುವುದೋ ಹಾಗೆಯೇ ಸ್ನಾಯುಗಳಿಂದ ಕಟ್ಟಲ್ಪಟ್ಟ ಶರೀರವು ಭಾರವನ್ನು ತಾಳುವುದೆಂದು ಅವನ ಉಪಮೆ. ಸ್ನಾಯುಗಳಲ್ಲಿ ನಾಲ್ಕು ಬಗೆ. ಅವುಗಳಲ್ಲಿ ದುಂಡಾದ ಬಗೆಗೆ ‘ಕಂಡರಾ’ ಎಂದು ಹೆಸರು. ಎಲುಬು, ಪೇಶಿ, ಸಿರೆ, ಸಂಧಿಗಳು ಕೆಟ್ಟರೂ ಸ್ನಾಯು ಕೆಟ್ಟಷ್ಟು ಹಾನಿಯಿಲ್ಲವೆಂಬ ಅಭಿಪ್ರಾಯವೂ ಅಲ್ಲಿಯೇ ಉಂಟು.

ಈ ಭೇದವು ಕೇವಲ ಕೋಶಕಾರರ ವಿನೋದವಲ್ಲ. ಪೇಶಿಗೆ ನೋವಾದರೆ ಬಿಸಿಯೂ ಮರ್ದನವೂ ಬೇಗನೆ ಚಾಲನೆಯೂ ಹಿತ. ಕಂಡರೆ ಹರಿದಿದ್ದರೆ ಮೊದಲ ದಿನಗಳಲ್ಲಿ ತಂಪೂ ಬಿಗಿಕಟ್ಟೂ ವಿಶ್ರಾಂತಿಯೂ ಬೇಕು. ಆಗ ತಿಕ್ಕಿದರೆ ಹರಿದ ನೂಲು ಮತ್ತಷ್ಟು ಹರಿಯುವುದು. ‘ಸ್ನಾಯುಗತವಾದ ನೋವು’ ಎಂಬಲ್ಲಿ ಸಂಪಾದಕನು ‘ಮಾಂಸಖಂಡದ ನೋವು’ ಎಂದು ಟಿಪ್ಪಣಿ ಬರೆದರೆ, ಒಂದು ಶಬ್ದದ ಮೂಲಕ ಒಂದು ಚಿಕಿತ್ಸೆಯನ್ನು ತೆಗೆದು ಅದಕ್ಕೆ ವಿರುದ್ಧವಾದ ಇನ್ನೊಂದನ್ನು ಹೇಳಿದಂತಾಗುವುದು. ಆದುದರಿಂದ ಪ್ರಾಚೀನ ಗ್ರಂಥಗಳಲ್ಲಿ ಸ್ನಾಯುವನ್ನು ‘ಕಟ್ಟುನಾರು’ ಎಂದೂ, ಕಂಡರೆಯನ್ನು ‘ಎಳೆನಾರು’ ಎಂದೂ, ಪೇಶಿಯನ್ನು ‘ಮಾಂಸಖಂಡ’ ಎಂದೂ ಬಿಡಿಸಿ ಹೇಳುವುದು ಯುಕ್ತವಾದುದು. ಇಂದಿನ ಪಾರಿಭಾಷಿಕದಲ್ಲಿ ಬಳಕೆಯಾಗುವ ‘ಅಸ್ಥಿರಜ್ಜು’, ‘ಸ್ನಾಯುರಜ್ಜು’ಗಳನ್ನು ಜೊತೆಯಲ್ಲಿ ಕೊಟ್ಟರೆ ವೈದ್ಯನಿಗೂ ಸಂದೇಹವುಳಿಯದು.

‘ಧಾರಾ’ ಶಬ್ದದಲ್ಲಿಯೂ ಇಂಥದೇ ತೊಡಕುಂಟು. ಅಮರಸಿಂಹನು ಕುದುರೆಯ ಐದು ನಡೆಗಳಿಗೆ ಧಾರೆಗಳೆಂದು ಹೆಸರು ಕೊಟ್ಟಿದ್ದಾನೆ; ಧೌರಿತಕ, ವಲ್ಗಿತ, ಪ್ಲುತ, ರೇಚಿತ, ಆಸ್ಕಂದಿತಗಳೆಂಬುವು ಅವು. ವೈದ್ಯರ ಮಾತಿನಲ್ಲಿ ಧಾರೆಯೆಂದರೆ ನೋವಿನಮೇಲೆ ನೀರನ್ನಾಗಲಿ ಕಷಾಯವನ್ನಾಗಲಿ ಎಡೆಬಿಡದೆ ಸುರಿಯುವ ಪರಿಷೇಕ. ಒಂದೆಡೆ ನಡಿಗೆ, ಮತ್ತೊಂದೆಡೆ ಸ್ನಾನ. ಕುಂಟುವ ಕುದುರೆಗೆ ಇವೆರಡೂ ಬೇರೆ ಬೇರೆ ಕಾಲದಲ್ಲಿ ಸಲ್ಲುವುವು. ಸಂದರ್ಭವನ್ನರಿಯದವನು ಒಂದರ ಸ್ಥಾನದಲ್ಲಿ ಮತ್ತೊಂದನ್ನಿಡುವನು. ‘ವಾಹನ’ವೆಂಬುದು ಅಶ್ವಶಾಸ್ತ್ರದಲ್ಲಿ ಬಂಡಿಯಲ್ಲ, ಕುದುರೆಯನ್ನು ಏರಿ ನಡೆಯಿಸಿ ಪಳಗಿಸುವ ಕ್ರಿಯೆ. ಅಗ್ನಿಪುರಾಣದಲ್ಲಿ ಅಶ್ವಚಿಕಿತ್ಸೆಗೆ ಮುನ್ನ ಬರುವ ಅಶ್ವವಾಹನಸಾರವೆಂಬ ಅಧ್ಯಾಯದ ಹೆಸರನ್ನು ಈ ಅರ್ಥದಲ್ಲಿಯೇ ತಿಳಿಯಬೇಕು. ‘ಜಾನು’ವೆಂದಲ್ಲಿ ಮುಂಗಾಲಿನ ಮಾತೇ ಹಿಂಗಾಲಿನ ಮಾತೇ ಎಂದು ನೋಡದೆ ಅರ್ಥ ಹೇಳಬಾರದೆಂಬುದು ಮೇಲೆ ಹೇಳಿದ ರಚನೆಯಿಂದಲೇ ಸ್ಪಷ್ಟವಾಗುವುದು.

೪. ಪ್ರಾಚೀನರ ಕ್ರಮ

ಸಾಹಿತ್ಯದ ಅಧ್ಯಾಪಕರಿಗೆ ಸುಪರಿಚಿತವಾದ ಉದಾಹರಣೆಯೊಂದನ್ನು ಮೊದಲು ಎತ್ತಿಕೊಳ್ಳಬಹುದು. ವ್ಯಾಸಭಾರತದ ದ್ರೋಣಪರ್ವದಲ್ಲಿ ಜಯದ್ರಥವಧೆಯ ದಿನ, ಬಾಣಗಳಿಂದ ನೊಂದು ಬಳಲಿದ ರಥಾಶ್ವಗಳನ್ನು ಯುದ್ಧದ ನಡುವೆಯೇ ಬಿಚ್ಚಬೇಕಾಗುವುದು. ಅರ್ಜುನನು ನೆಲಕ್ಕಿಳಿದು ಶತ್ರುಗಳನ್ನು ತಡೆಯುತ್ತ, ಅಸ್ತ್ರದಿಂದ ಕೊಳವನ್ನೂ ಬಾಣಗಳಿಂದ ಮನೆಯನ್ನೂ ನಿರ್ಮಿಸುವನು. ಅಶ್ವಕರ್ಮದಲ್ಲಿ ನಿಪುಣನಾದ ಶ್ರೀಕೃಷ್ಣನು ಕುದುರೆಗಳನ್ನು ಬಿಚ್ಚಿ, ನೆಟ್ಟ ಬಾಣಗಳನ್ನು ಕೈಯಿಂದ ಕಿತ್ತು, ಮೈಯನ್ನು ತಿಕ್ಕಿ, ಹೊರಳಿಸಿ, ನೀರು ಕುಡಿಸುವನು. ಮಿಂದು ಮೇದು ಬಳಲಿಕೆ ಕಳೆದಮೇಲೆ ಮತ್ತೆ ರಥಕ್ಕೆ ಹೂಡುವನು. ಇಲ್ಲಿ ‘ಉಪಾವೃತ್ತಿ’ಯೆಂಬ ಶಬ್ದಕ್ಕೆ ಸುಮ್ಮನೆ ‘ಹಿಂದಿರುಗುವಿಕೆ’ಯೆಂದು ಅರ್ಥ ಹೇಳಿದರೆ ಸ್ವಾರಸ್ಯ ಕೆಡುವುದು, ಕುದುರೆಯು ನೆಲದಮೇಲೆ ಹೊರಳಾಡುವುದೆಂದು ಅಮರಕೋಶವೇ ಇದಕ್ಕೆ ದಾರಿ ತೋರುವುದು. ಹೊರಳುವಿಕೆಯು ಬೆನ್ನಿನ ಬಿಗುಪನ್ನು ಸಡಿಲಿಸುವ, ಕುದುರೆಯು ತಾನೇ ಮಾಡಿಕೊಳ್ಳುವ ಅಂಗಸಾಧನೆ.

ಈ ಪ್ರಸಂಗದಲ್ಲಿ ಕ್ರಮವೇ ಮುಖ್ಯವಾದುದು. ಮೊದಲು ಭಾರವನ್ನಿಳಿಸುವುದು, ಆಮೇಲೆ ಶಲ್ಯವನ್ನು ತೆಗೆಯುವುದು, ಆಮೇಲೆ ಮರ್ದನ, ಚಲನೆ, ನೀರು, ಆಹಾರ, ಕಡೆಗೆ ಕೆಲಸ. ಇದರಲ್ಲಿ ಒಂದನ್ನೂ ಹಿಂದುಮುಂದು ಮಾಡಿಲ್ಲ. ಆದರೆ ಕಾಲಪ್ರಮಾಣವು ಕವಿಯದು, ವೈದ್ಯನದಲ್ಲ. ಕಾವ್ಯದಲ್ಲಿ ಸ್ವಲ್ಪ ಹೊತ್ತಿನಲ್ಲಿ ಮುಗಿದುದು ಲಾಯದಲ್ಲಿ ತಿಂಗಳುಗಳನ್ನು ಬೇಡುವುದು. ಪಾಠ ಹೇಳುವವರು ಕ್ರಮವನ್ನು ಹೊಗಳುವಾಗಲೇ ಈ ಅಂತರವನ್ನೂ ತಿಳಿಸುವುದು ಒಳ್ಳೆಯದು.

ಶಾಸ್ತ್ರಗ್ರಂಥಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಅಶ್ವಾಧ್ಯಕ್ಷಪ್ರಕರಣವು ಈ ವಿಷಯಕ್ಕೆ ಬಹಳ ಬೆಲೆಯುಳ್ಳುದು. ಈ ಗ್ರಂಥವನ್ನು ಮೈಸೂರಿನ ಪ್ರಾಚ್ಯಪುಸ್ತಕಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳು ೧೯೦೫ರಲ್ಲಿ ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚು ಹಾಕಿಸಿದುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ಅಲ್ಲಿ ಲಾಯದ ನೆಲಕ್ಕೆ ನುಣುಪಾದ ಹಲಗೆಯ ಹಾಸು ವಿಧಿತವಾಗಿದೆ. ಮಲಮೂತ್ರಗಳು ಹೊರಹೋಗಲು ದಾರಿಯಿರಬೇಕು. ಕುದುರೆಗೆ ದಿನಕ್ಕೆರಡು ಬಾರಿ ಸ್ನಾನ. ಅಶ್ವಚಿಕಿತ್ಸಕರು ಶರೀರದ ವೃದ್ಧಿಕ್ಷಯಗಳನ್ನು ನೋಡಿ ಪರಿಹಾರ ಮಾಡಬೇಕು, ಋತುವಿಗೆ ತಕ್ಕಂತೆ ಆಹಾರವನ್ನು ಬದಲಾಯಿಸಬೇಕು. ಚಿಕಿತ್ಸೆಯ ದೋಷದಿಂದ ರೋಗ ಹೆಚ್ಚಿದರೆ ಖರ್ಚಿನ ಇಮ್ಮಡಿ ದಂಡ. ಕುದುರೆ ಸತ್ತರೆ ಅದರ ಬೆಲೆಯೇ ದಂಡ.

ಅದೇ ಪ್ರಕರಣದ ಮತ್ತೊಂದು ವಿಧಿಯನ್ನು ಓದುಗರು ಗಮನಿಸದೆ ಹೋಗುವುದುಂಟು. ಯುದ್ಧದಿಂದಲೋ ರೋಗದಿಂದಲೋ ಮುಪ್ಪಿನಿಂದಲೋ ಕೆಲಸಕ್ಕೆ ಬಾರದ ಕುದುರೆಗಳಿಗೆ ಆಹಾರವನ್ನು ಕೊಟ್ಟು ಸಾಕಬೇಕೆಂದೂ, ಸಮರಕ್ಕೆ ಒದಗದ ಗಂಡುಕುದುರೆಗಳನ್ನು ಪೌರಜಾನಪದರ ಪ್ರಯೋಜನಕ್ಕಾಗಿ ಸಂತಾನಕ್ಕೆ ಬಳಸಬೇಕೆಂದೂ ಅಲ್ಲಿ ಹೇಳಿದೆ. ಪುನರ್ವಸತಿಯೆಂಬ ಮಾತಿನ ಪೂರ್ಣಾರ್ಥವು ಇಲ್ಲಿದೆ: ಗಾಯಗೊಂಡುದನ್ನು ಹಿಂದಿನ ಕೆಲಸಕ್ಕೇ ಮರಳಿಸುವುದು ಒಂದೇ ಗುರಿಯಲ್ಲ, ಅದಕ್ಕೆ ಸಾಧ್ಯವಾದ ಬೇರೊಂದು ಬದುಕನ್ನು ಕಲ್ಪಿಸುವುದೂ ಗುರಿಯೇ.

ಶಾಲಿಹೋತ್ರ, ನಕುಲ, ಜಯದತ್ತರ ಹೆಸರಿನಲ್ಲಿ ಬಂದಿರುವ ಸಂಸ್ಕೃತ ಗ್ರಂಥಗಳು ಸ್ನೇಹ, ಸ್ವೇದ, ಬಸ್ತಿ, ನಸ್ಯ, ಸಿರಾವೇಧ, ಅಗ್ನಿಕರ್ಮಗಳೆಂಬ ಮನುಷ್ಯವೈದ್ಯದ ಚೌಕಟ್ಟನ್ನೇ ಕುದುರೆಗೂ ಹಿಡಿಸುವುವು. ಇವುಗಳಲ್ಲಿ ಜಯದತ್ತನ ‘ಅಶ್ವವೈದ್ಯಕ’ವು ೧೯ನೆಯ ಶತಮಾನದ ಕೊನೆಯಲ್ಲಿ ಕಲ್ಕತ್ತೆಯ ಬಿಬ್ಲಿಯೊಥೆಕಾ ಇಂಡಿಕಾ ಮಾಲೆಯಲ್ಲಿಯೂ, ನಕುಲನ ‘ಅಶ್ವಶಾಸ್ತ್ರ’ವು ಚಿತ್ರಸಹಿತವಾಗಿ ೧೯೫೨ರಲ್ಲಿ ತಂಜಾವೂರಿನ ಸರಸ್ವತೀಮಹಲ್ ಗ್ರಂಥಾಲಯದಿಂದಲೂ ಪ್ರಕಟವಾದುವು. ಎಣ್ಣೆಯ ಅಭ್ಯಂಗ, ಬಿಸಿಯ ಶಾಖ, ನೀರಿನ ಪರಿಷೇಕ, ಮಿತವಾದ ವಾಹನ ಎಂಬ ನಾಲ್ಕೂ ಇಂದಿನ ಅಂಗಸಾಧನೆಯ ಪೂರ್ವರೂಪಗಳೇ. ಯಾವುದು ಯಾವಾಗ ಎಂಬ ನಿರ್ಣಯದಲ್ಲಿ ಮಾತ್ರ ಇಂದಿನ ಶಾಸ್ತ್ರವು ಹೆಚ್ಚು ಖಚಿತವಾಗಿದೆ.

೫. ಇಂದಿನ ಕ್ರಮ

ಹರಿದ ಕಂಡರೆಯು ಮೂರು ಅವಸ್ಥೆಗಳಲ್ಲಿ ಮಾಯುವುದು. ಮೊದಲನೆಯದು ಉರಿಯೂತದ ಅವಸ್ಥೆ. ಇದು ಒಂದೆರಡು ವಾರಗಳವರೆಗೆ ಇರುವುದು. ಆಗ ಕಾಲು ಬಾತು ಬಿಸಿಯಾಗಿರುವುದು. ಮೊದಲ ಎರಡು ಮೂರು ದಿನಗಳಲ್ಲಿ ದಿನಕ್ಕೆ ಹಲವು ಬಾರಿ, ಒಂದೊಂದು ಬಾರಿಗೆ ೧೫ರಿಂದ ೨೦ ನಿಮಿಷಗಳಷ್ಟು ತಣ್ಣೀರಿನ ಧಾರೆ ಅಥವಾ ಮಂಜುಗಡ್ಡೆಯ ಕಟ್ಟು, ಬಳಿಕ ಸಮವಾದ ಒತ್ತಡದ ಪಟ್ಟಿ, ಲಾಯದಲ್ಲಿ ವಿಶ್ರಾಂತಿ. ಆರೋಗ್ಯವಾಗಿರುವ ಕಾಲಿಗೂ ಪಟ್ಟಿ ಕಟ್ಟುವುದು ವಾಡಿಕೆ. ನೋವನ್ನೂ ಊತವನ್ನೂ ತಗ್ಗಿಸುವ ಔಷಧವನ್ನು ವೈದ್ಯನೇ ಕೊಡತಕ್ಕದ್ದು. ನೋವನ್ನು ಪೂರ್ತಿ ಅಡಗಿಸಿದರೆ ಕುದುರೆಯು ನೊಂದ ಕಾಲನ್ನು ಊರಿ ಇನ್ನಷ್ಟು ಕೆಡಿಸಿಕೊಳ್ಳುವ ಭಯವುಂಟು. ಗಾಯ ತೆರೆದಿದ್ದರೆ ಧನುರ್ವಾತದ ಚುಚ್ಚುಮದ್ದು ಕಡ್ಡಾಯ. ಸಾಕುಪ್ರಾಣಿಗಳಲ್ಲೆಲ್ಲ ಧನುರ್ವಾತಕ್ಕೆ ಬಹು ಬೇಗ ತುತ್ತಾಗುವುದು ಕುದುರೆಯೇ.

ಎರಡನೆಯದು ಹೊಸ ನೂಲು ಹುಟ್ಟುವ ಅವಸ್ಥೆ. ಈ ನೂಲುಗಳು ಮೊದಲು ಅಡ್ಡಾದಿಡ್ಡಿಯಾಗಿ ಬೀಳುವುವು. ಕಾಲನ್ನು ಸಂಪೂರ್ಣವಾಗಿ ಅಲುಗಿಸದಿದ್ದರೆ ಅವು ಹಾಗೆಯೇ ಗಂಟಾಗಿ ನಿಲ್ಲುವುವು. ಮಿತವಾದ ಸೆಳೆತ ದಿನದಿನವೂ ದೊರೆತರೆ ಸೆಳೆತದ ದಿಕ್ಕಿನಲ್ಲಿ ಸಾಲುಗೊಳ್ಳುವುವು. ಅಂಗಸಾಧನೆಯ ಇಡೀ ತತ್ತ್ವವು ಈ ಒಂದು ಮಾತಿನಲ್ಲಿ ಅಡಗಿದೆ. ಆದುದರಿಂದ ಊತ ಇಳಿದೊಡನೆ ಕುದುರೆಯನ್ನು ಏರದೆ, ಕೈಯಲ್ಲಿ ಹಗ್ಗ ಹಿಡಿದು, ಗಟ್ಟಿಯಾದ ಸಮನೆಲದಮೇಲೆ ದಿನಕ್ಕೆ ೫ರಿಂದ ೧೦ ನಿಮಿಷ ನಡೆಯಿಸುವರು. ವಾರಕ್ಕೆ ಸುಮಾರು ೫ ನಿಮಿಷದಂತೆ ಹೆಚ್ಚಿಸುವರು. ನಡೆಯುವಾಗ ಗೊರಸು ನೆಲಕ್ಕೆ ಒತ್ತಿ ಬಿಡುವುದರಿಂದ ಪಾದದ ರಕ್ತವು ಮೇಲಕ್ಕೆ ಏರುವ ಲಾಭವೂ ಉಂಟು.

ಮೂರನೆಯದು ನೂಲು ಬಲಿಯುವ ಅವಸ್ಥೆ. ಇದು ತಿಂಗಳುಗಟ್ಟಲೆ ಸಾಗಿ ಒಂದು ವರ್ಷವನ್ನೂ ಮೀರಬಹುದು. ಮೂರು ನಾಲ್ಕು ತಿಂಗಳಾದಮೇಲೆ ಸ್ವಲ್ಪ ಸ್ವಲ್ಪವಾಗಿ ದುಡುಕಿನಡೆಯನ್ನೂ, ಅದಾದ ಹಲವು ತಿಂಗಳಿಗೆ ಮೆಲ್ಲೋಟವನ್ನೂ ಸೇರಿಸುವರು. ಪೂರ್ಣವಾದ ಕೆಲಸಕ್ಕೆ ಒಂಬತ್ತು ತಿಂಗಳಿಂದ ಒಂದು ವರ್ಷ, ಕೆಲವು ವೇಳೆ ಇನ್ನೂ ಹೆಚ್ಚು ಬೇಕಾಗುವುದು. ಒಂದು ಮೆಟ್ಟಿಲಿನಿಂದ ಮತ್ತೊಂದಕ್ಕೆ ಏರುವ ಮುನ್ನ ಅಲ್ಟ್ರಾಸೌಂಡ್ ಯಂತ್ರದಿಂದ ಕಂಡರೆಯ ಒಳರೂಪವನ್ನು ನೋಡುವರು. ಕುದುರೆಯು ಕುಂಟುವುದು ನಿಂತೊಡನೆ ಗುಣವಾಯಿತೆಂದು ತಿಳಿಯುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ. ಕುಂಟು ವಾರಗಳಲ್ಲಿ ಮಾಯವಾಗುವುದು, ಕಂಡರೆ ಬಲಿಯಲು ತಿಂಗಳುಗಳು ಬೇಕು. ಮತ್ತೆ ಹರಿಯುವುದು ಬಹುಮಟ್ಟಿಗೆ ಈ ನಡುವಿನ ಕಾಲದಲ್ಲಿ.

ಬೆನ್ನಿನ ನೋವಿಗೆ ಬೇರೊಂದು ಸಾಧನೆಯುಂಟು. ಗಜ್ಜರಿಯಂಥ ತಿನಿಸನ್ನು ತೋರಿಸಿ ಕುದುರೆಯು ತಾನಾಗಿಯೇ ಕುತ್ತಿಗೆಯನ್ನು ಎದೆಗೆ, ಪಕ್ಕೆಗೆ, ಮುಂಗಾಲಿನ ನಡುವೆಗೆ ಬಾಗಿಸುವಂತೆ ಮಾಡುವರು. ಮೂರು ತಿಂಗಳು ಹೀಗೆ ಮಾಡಿಸಿದಾಗ ಬೆನ್ನುಮೂಳೆಯ ಒತ್ತಿನ ಮಾಂಸಖಂಡಗಳು ದಪ್ಪವಾದುವೆಂದು ಅಳತೆಯಿಂದ ಕಂಡುಕೊಳ್ಳಲಾಗಿದೆ. ಬಲಾತ್ಕಾರವಿಲ್ಲದೆ, ಪ್ರಾಣಿಯ ಇಚ್ಛೆಯಿಂದಲೇ ಸಾಧಿಸುವ ಈ ವಿಧಾನವು ಬಡವನ ಲಾಯದಲ್ಲಿಯೂ ಸಾಧ್ಯ.

ಆಹಾರದ ವಿಷಯದಲ್ಲಿ ಕೌಟಿಲ್ಯನ ಮಾತು ಅಕ್ಷರಶಃ ಸಲ್ಲುವುದು. ದುಡಿಯುವ ಕುದುರೆಗೆ ಹಾಕುವ ಹುರುಳಿಯನ್ನೂ ಧಾನ್ಯವನ್ನೂ ನಿಂತ ಕುದುರೆಗೆ ಅದೇ ಪ್ರಮಾಣದಲ್ಲಿ ಹಾಕಿದರೆ ಗೊರಸಿನ ಉರಿ ಬರುವುದು. ರಜೆಯ ಬಳಿಕ ತಟ್ಟನೆ ಕೆಲಸಕ್ಕೆ ಹೂಡಿದರೆ ಮಾಂಸಖಂಡಗಳು ಮರಗಟ್ಟುವುವು. ವಿಶ್ರಾಂತಿಯಲ್ಲಿ ಹುಲ್ಲು ಮುಖ್ಯ, ಧಾನ್ಯ ಗೌಣ, ನೀರು ಯಥೇಷ್ಟ.

೬. ತ್ಯಜಿಸತಕ್ಕ ವಿಧಾನ

ಪ್ರಾಚೀನವಾದುದೆಲ್ಲವೂ ಗ್ರಾಹ್ಯವೆಂದು ಹೇಳುವುದು ಪಾಂಡಿತ್ಯವಲ್ಲ. ಕುಂಟುವ ಕಾಲಿಗೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕುವ ಪದ್ಧತಿಯು ನಮ್ಮಲ್ಲಿಯೂ ಯೂರೋಪಿನಲ್ಲಿಯೂ ಬಹುಕಾಲ ನಡೆಯಿತು. ಸುಶ್ರುತನು ಅಗ್ನಿಕರ್ಮಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಸ್ನಾಯುಸಂಧಿಗಳ ನೋವನ್ನು ಅದರ ವಿಷಯಗಳಲ್ಲಿ ಸೇರಿಸಿರುವುದರಿಂದ ಈ ಪದ್ಧತಿಗೆ ಶಾಸ್ತ್ರದ ಬೆಂಬಲವೂ ಇದ್ದಂತೆ ತೋರುವುದು. ಆದರೆ ಇಂಗ್ಲೆಂಡಿನ ಬ್ರಿಸ್ಟಲ್ ವಿದ್ಯಾಪೀಠದ ಸಂಶೋಧಕರು ಕುದುರೆಗಳ ಕಂಡರೆಗಳನ್ನು ಪರೀಕ್ಷಿಸಿ ೧೯೮೩ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ ಬರೆಯಿಂದ ಮಾಯುವಿಕೆಗೆ ಯಾವ ಪ್ರಯೋಜನವೂ ಕಾಣಲಿಲ್ಲ. ಹಾಗಾದರೆ ಬರೆ ಹಾಕಿದ ಕುದುರೆಗಳು ಹಿಂದೆ ಗುಣವಾದುದು ಹೇಗೆ? ಬರೆಯ ಗಾಯದಿಂದಾಗಿ ಅವುಗಳಿಗೆ ತಿಂಗಳುಗಟ್ಟಲೆ ವಿಶ್ರಾಂತಿ ದೊರೆಯುತ್ತಿದ್ದಿತು. ಗುಣಮಾಡಿದುದು ಕಾಲ; ಕೀರ್ತಿ ಬಂದುದು ಕಬ್ಬಿಣಕ್ಕೆ. ಸುಮ್ಮನೆ ಬಿಡಲು ಮನಸ್ಸಿಲ್ಲದ ಒಡೆಯನಿಂದ ಕುದುರೆಗೆ ರಜೆ ಕೊಡಿಸುವ ಉಪಾಯವಾಗಿ ಬರೆಯು ಉಪಯೋಗಕ್ಕೆ ಬಂದಿತೆನ್ನಬಹುದೇ ಹೊರತು ಚಿಕಿತ್ಸೆಯಾಗಿ ಅಲ್ಲ. ಇಂಥ ಸ್ಥಳಗಳಲ್ಲಿ ಸಂಪಾದಕರು ಮೂಲವನ್ನು ಯಥಾವತ್ತಾಗಿ ಅಚ್ಚುಹಾಕಿ, ‘ಇದು ಈಗ ಆಚರಣೀಯವಲ್ಲ’ ಎಂದು ಅಡಿಯಲ್ಲಿ ಒಂದು ಸಾಲನ್ನು ಬರೆಯುವುದು ಕರ್ತವ್ಯ. ಮೂಲವನ್ನು ತಿದ್ದುವುದು ಅಪಚಾರ. ಎಚ್ಚರಿಸದೆ ಬಿಡುವುದೂ ಅಪಚಾರವೇ.

೭. ತುಂಗೆ, ಭದ್ರೆ ಮತ್ತು ಕಬ್ಬಿಣ

ನೀರಿನ ಚಿಕಿತ್ಸೆಯು ಅಂಗಸಾಧನೆಯಲ್ಲಿ ಇಂದು ಪ್ರಧಾನವಾಗಿದೆ. ಪಾಶ್ಚಾತ್ಯ ದೇಶಗಳಲ್ಲಿ ನೀರು ತುಂಬಿದ ತೊಟ್ಟಿಯ ತಳದಲ್ಲಿ ಚಲಿಸುವ ಪಟ್ಟೆಯಮೇಲೆ ಕುದುರೆಯನ್ನು ನಡೆಯಿಸುವರು. ನೀರು ಸೊಂಟದ ಎಲುಬಿನ ಎತ್ತರಕ್ಕೆ ನಿಂತಾಗ ಕಾಲಿನ ಮೇಲಿನ ಭಾರವು ಮುಕ್ಕಾಲು ಪಾಲಿನವರೆಗೂ ಇಳಿಯಬಹುದೆಂದು ಅಳತೆಗಳಿವೆ. ಮೊಣಕೈ ಎತ್ತರದ ನೀರಿನಲ್ಲಿ ಇಳಿತವು ನೂರಕ್ಕೆ ಹತ್ತು ಹದಿನೈದರಷ್ಟೇ. ಭಾರ ಇಳಿದುದರಿಂದ ನೊಂದ ಕೀಲು ನೋವಿಲ್ಲದೆ ಮಡಿಯುವುದು. ನೀರು ಎದುರೊತ್ತುವುದರಿಂದ ಮಾಂಸಖಂಡಕ್ಕೆ ದುಡಿಮೆ ದೊರೆಯುವುದು.

ಶಿವಮೊಗ್ಗ ತುಂಗೆಯ ದಡದ ಊರು, ಭದ್ರಾವತಿ ಭದ್ರೆಯ ದಡದ ಊರು. ಎರಡು ನದಿಗಳೂ ಕೂಡಲಿಯಲ್ಲಿ ಸಂಗಮಿಸುವುವು. ಹರಿಯುವ ನೀರಿನಲ್ಲಿ ಪ್ರಾಣಿಯನ್ನು ನಿಲ್ಲಿಸಿ ಮೈ ತಿಕ್ಕುವ ರೂಢಿಯನ್ನು ಇಂದಿಗೂ ಕಣ್ಣಾರೆ ನೋಡಬೇಕೆನ್ನುವವರು ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿಯಲ್ಲಿರುವ ಸಕ್ರೆಬೈಲಿನ ಆನೆಬಿಡಾರಕ್ಕೆ ಹೋಗಬಹುದು. ಅಲ್ಲಿ ಮಾವುತರು ತುಂಗೆಯ ಹಿನ್ನೀರಿನಲ್ಲಿ ಆನೆಗಳನ್ನು ಮಲಗಿಸಿ ತಿಕ್ಕಿ ತೊಳೆಯುವರು. ಕುದುರೆಗೆ ಇದೇ ಉಪಚಾರವನ್ನು ಮಾಡುವಾಗ ಮೂರು ನಿಯಮಗಳನ್ನು ಪಾಲಿಸಬೇಕು. ತಳವು ಕೆಸರಾಗಲಿ ಜಾರುಬಂಡೆಯಾಗಲಿ ಆಗಿರದೆ ಮರಳಾಗಿರಬೇಕು. ತೆರೆದ ಗಾಯವಿದ್ದರೆ ಹೊಳೆಗಿಳಿಸಬಾರದು. ಹೊರಬಂದೊಡನೆ ಕಾಲುಗಳನ್ನೂ ಗೊರಸಿನ ತಳವನ್ನೂ ಒಣಗಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಈ ಮೂರನೆಯ ನಿಯಮವು ವಿಶೇಷವಾಗಿ ಮುಖ್ಯ. ಸದಾ ಒದ್ದೆಯಾದ ಗೊರಸು ಮೆತ್ತಗಾಗಿ ಕೊಳೆಯುವುದು. ಅರ್ಥಶಾಸ್ತ್ರದ ಹಲಗೆಹಾಸಿನ ವಿಧಿಯು ಇಂಥ ಸೀಮೆಯಲ್ಲಿ ಸಾರ್ಥಕವಾಗಿ ಕಾಣುವುದು.

ಭದ್ರಾವತಿಯು ಹಿಂದೆ ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ ಊರು, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದ ಫಲವಾದ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಅಲ್ಲಿ ಕೆಲಸ ತೊಡಗಿದಂದಿನಿಂದ ಅದು ಕಬ್ಬಿಣದ ಊರೆಂದೇ ಪ್ರಸಿದ್ಧವಾಯಿತು. ಅಶ್ವವೈದ್ಯಕ್ಕೂ ಕಬ್ಬಿಣಕ್ಕೂ ಲಾಳದ ಮೂಲಕ ಸಂಬಂಧವುಂಟು. ಬರೆ ಹಾಕಿದ ಕಬ್ಬಿಣವು ಮಾಡಲಾರದ ಉಪಕಾರವನ್ನು ಸರಿಯಾಗಿ ಕಟ್ಟಿದ ಲಾಳವು ಮಾಡುವುದು. ಗೊರಸಿನ ಮುಂತುದಿ ಬೆಳೆದು ಹಿಮ್ಮಡಿ ತಗ್ಗಿದರೆ ಹಿಂಬದಿಯ ಕಂಡರೆಗಳು ಹೆಚ್ಚು ಸೆಳೆಯಲ್ಪಡುವುವು. ಆದುದರಿಂದ ಸುಮಾರು ಆರು ವಾರಗಳಿಗೊಮ್ಮೆ ಗೊರಸನ್ನು ಹೆರೆದು ಲಾಳವನ್ನು ಬದಲಿಸುವುದು ಅಂಗಸಾಧನೆಯ ಅಂಗವೇ ಆಗಿದೆ. ಲಾಳ ಕಟ್ಟುವವನ ಕೈ ತಪ್ಪಿದರೆ ವೈದ್ಯನ ಶ್ರಮವೆಲ್ಲವೂ ವ್ಯರ್ಥ. ಲಾಳದ ಕಸುಬಿನವರು ಬಳಸುವ ದೇಶ್ಯಶಬ್ದಗಳನ್ನು ನಿಘಂಟುಕಾರರು ಬೇಗನೆ ಸಂಗ್ರಹಿಸದಿದ್ದರೆ ಕಸುಬಿನೊಡನೆ ಅವೂ ಅಳಿಯುವುವು.

೮. ಉಪಸಂಹಾರ

ಮೇಲಿನ ವಿಚಾರದಿಂದ ಕೆಲವು ಸಂಗತಿಗಳು ಸಿದ್ಧವಾಗುವುವು. ಭಾರವನ್ನಿಳಿಸುವುದು, ತಂಪು, ಮರ್ದನ, ಮಿತವಾದ ನಡಿಗೆ, ನೀರು, ಆಹಾರನಿಯಮ ಎಂಬ ಸಾಧನಗಳನ್ನು ಪ್ರಾಚೀನರು ಬಲ್ಲವರಾಗಿದ್ದರು. ಯಾವ ಅಂಗಕ್ಕೆ ಯಾವ ಕಾಲದಲ್ಲಿ ಎಷ್ಟು ಎಂಬುದನ್ನು ಇಂದಿನ ಶಾಸ್ತ್ರವು ಯಂತ್ರದಿಂದಲೂ ಅಳತೆಯಿಂದಲೂ ಗೊತ್ತುಮಾಡಿದೆ. ಇವೆರಡರ ನಡುವೆ ಸೇತುವೆಯಾಗಬೇಕಾದುದು ಶಬ್ದಾರ್ಥ. ಸ್ನಾಯು, ಧಾರಾ, ವಾಹನ, ಜಾನು, ಉಪಾವೃತ್ತಿಗಳಂಥ ಮಾತುಗಳಿಗೆ ಅಶ್ವವೈದ್ಯದ ಸಂದರ್ಭದಲ್ಲಿ ಸಲ್ಲುವ ಅರ್ಥವನ್ನು ನಿಷ್ಕರ್ಷಿಸಿದ ಹೊರತು ಆ ಸೇತುವೆ ನಿಲ್ಲದು.

ಈ ಕಾರ್ಯಕ್ಕೆ ಶಿವಮೊಗ್ಗ, ಭದ್ರಾವತಿಗಳಿಗಿಂತ ಅನುಕೂಲವಾದ ಸೀಮೆ ದೊರೆಯುವುದು ಕಷ್ಟ. ಕೆಳದಿಯಲ್ಲಿ ಹಳೆಯ ಹಸ್ತಪ್ರತಿಗಳ ಸಂಗ್ರಹವುಳ್ಳ ವಸ್ತುಸಂಗ್ರಹಾಲಯವಿದೆ. ಶಿವಮೊಗ್ಗದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾನಿಲಯಕ್ಕೆ ಸೇರಿದ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ೧೯೮೭ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವಿದೆ. ಓಲೆಯನ್ನು ಓದಬಲ್ಲವನೂ ಶಬ್ದವನ್ನು ಬಲ್ಲವನೂ ಕುದುರೆಯನ್ನು ಬಲ್ಲವನೂ ಒಂದೇ ಜಿಲ್ಲೆಯಲ್ಲಿರುವಾಗ, ಮೂವರೂ ಒಂದೆಡೆ ಕುಳಿತು ಅಶ್ವವೈದ್ಯದ ಒಂದು ಪ್ರಕರಣವನ್ನಾದರೂ ಸಂಪಾದಿಸಿದರೆ ಸಾಹಿತ್ಯಕ್ಕೂ ಮೂಕಪ್ರಾಣಿಗೂ ಏಕಕಾಲದಲ್ಲಿ ಉಪಕಾರವಾಗುವುದು. ಅಲ್ಲಿಯವರೆಗೆ, ‘ಸ್ನಾಯು’ವೆಂದು ಕಂಡಲ್ಲೆಲ್ಲ ಲೇಖನಿಯನ್ನು ಒಂದು ಕ್ಷಣ ತಡೆದು ಸಂದರ್ಭವನ್ನು ನೋಡುವ ಅಭ್ಯಾಸವನ್ನಾದರೂ ಸಂಪಾದಕರೂ ಅಧ್ಯಾಪಕರೂ ಇಟ್ಟುಕೊಳ್ಳುವುದು ಯೋಗ್ಯವಾದುದು.